ತೊಡೆಸಂದಿನ ನವೆ: ಹಚ್ಚುವ ಮೊದಲು ನಿಲ್ಲಿಸಬೇಕಾದದ್ದು ಏನೇನು

ಮಾನ್ಯ ಸಂಪಾದಕರೇ,

ಆರೋಗ್ಯ ಪುಟಗಳಲ್ಲಿ ಮೊಡವೆ, ತಲೆಹೊಟ್ಟು, ಹಿಮ್ಮಡಿ ಬಿರುಕಿನ ಬಗ್ಗೆ ಸಾಕಷ್ಟು ಬರುತ್ತದೆ. ಅದೇ ಚರ್ಮ ತೊಡೆಸಂದಿನಲ್ಲಿ ಕೆಂಪಾದರೆ, ಬಿರಿದರೆ, ಉರಿದರೆ ಬರಹವೂ ಇಲ್ಲ, ಮಾತೂ ಇಲ್ಲ. ಆ ಜಾಗದಲ್ಲಿ ನವೆ ಶುರುವಾದವರು ಮನೆಯಲ್ಲಿ ಹೇಳಲಾರರು, ವೈದ್ಯರ ಮುಂದೆ ಬಟ್ಟೆ ಸರಿಸಲು ಹಿಂಜರಿಯುತ್ತಾರೆ, ಔಷಧಿ ಅಂಗಡಿಯಲ್ಲಿ ಮೆಲ್ಲಗೆ 'ತುರಿಕೆಗೆ ಒಂದು ಕ್ರೀಮ್ ಕೊಡಿ' ಎನ್ನುತ್ತಾರೆ. ತಿಂಗಳುಗಟ್ಟಲೆ ಹೀಗೆ ಕಳೆದು ತಪಾಸಣೆಗೆ ಬರುವ ಹೊತ್ತಿಗೆ ಮೂಲದಲ್ಲಿ ಇದ್ದ ಕಾಯಿಲೆ ಯಾವುದೆಂದು ಕಂಡುಹಿಡಿಯುವುದೇ ಕಷ್ಟವಾಗಿರುತ್ತದೆ. ಚರ್ಮರೋಗ ಚಿಕಿತ್ಸೆಯಲ್ಲಿ ತೊಡಗಿರುವ ನಾವು ಈ ಪತ್ರ ಬರೆಯುತ್ತಿರುವುದು ಒಂದು ಮಾತು ಹೇಳಲಿಕ್ಕೆ: ಅಲ್ಲಿ ನವೆಯಾದರೆ ಹೊಸದಾಗಿ ಏನನ್ನಾದರೂ ಹಚ್ಚುವ ಮುಂಚೆ, ಈಗಾಗಲೇ ತಾಗಿಸುತ್ತಿರುವುದನ್ನೆಲ್ಲ ನಿಲ್ಲಿಸಿ. ಎರಡು ವಾರದಲ್ಲಿ ಇಳಿಯದಿದ್ದರೆ ತೋರಿಸಿ.

ಜನನಾಂಗದ ಚರ್ಮ ತೋಳಿನ ಅಥವಾ ಬೆನ್ನಿನ ಚರ್ಮದಂತಲ್ಲ. ಅದು ತೆಳು, ಮಡಿಕೆ ಮಡಿಕೆಯಾದದ್ದು. ಬೆವರು, ಬಿಸಿ, ಉಜ್ಜಾಟ ಅಲ್ಲಿ ಸದಾ ಇರುತ್ತವೆ. ತಾಗಿಸಿದ್ದು ಬೇಗ ಒಳಗಿಳಿಯುತ್ತದೆ. ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು 1967ರಲ್ಲಿ ಹೈಡ್ರೋಕಾರ್ಟಿಸೋನ್ ಔಷಧವನ್ನು ದೇಹದ ಬೇರೆ ಬೇರೆ ಕಡೆ ಹಚ್ಚಿ ಅಳೆದಾಗ, ಮುಂಗೈಯ ಒಳಭಾಗಕ್ಕಿಂತ ವೃಷಣಚೀಲದ ಚರ್ಮ ಸುಮಾರು 42 ಪಟ್ಟು ಹೆಚ್ಚು ಹೀರಿಕೊಂಡಿತ್ತು. ಕೈಗೆ ಏನೂ ಮಾಡದ ಮುಲಾಮು ಅಲ್ಲಿ ಚರ್ಮವನ್ನೇ ಕೆಡಿಸಬಲ್ಲದು ಎಂಬುದಕ್ಕೆ ಇದೇ ಕಾರಣ. ಸೋಪು, ಸುಗಂಧ, ಆಂಟಿಸೆಪ್ಟಿಕ್ ದ್ರವಗಳಿಗೂ ಆ ಚರ್ಮ ಅಷ್ಟೇ ಸುಲಭವಾಗಿ ಕೆರಳುತ್ತದೆ.

ನವೆಗೆ ಅತಿ ಸಾಮಾನ್ಯ ಕಾರಣ ಸೋಂಕೇ ಎಂದು ಜನ ನಂಬಿದ್ದಾರೆ. ನಿಜದಲ್ಲಿ ಬಹಳಷ್ಟು ಸಲ ಕಾರಣ ಅತಿಯಾದ ಸ್ವಚ್ಛತೆ. ನವೆಯಾಗುತ್ತದೆ, ಕೊಳೆಯಿಂದಲೇ ಎಂದುಕೊಂಡು ಸೋಪು ಹಾಕಿ ಉಜ್ಜುತ್ತಾರೆ, ಚರ್ಮದ ಮೇಲಿನ ಎಣ್ಣೆಯ ಪದರ ಹೋಗುತ್ತದೆ, ಉರಿ ಹೆಚ್ಚುತ್ತದೆ, ಮರುದಿನ ಎರಡು ಸಲ ತೊಳೆಯುತ್ತಾರೆ, ಮೂರನೇ ದಿನ ಆಂಟಿಸೆಪ್ಟಿಕ್ ಬೆರೆಸುತ್ತಾರೆ. ಹೆರಿಗೆಯ ವಯಸ್ಸಿನ ಮಹಿಳೆಯ ಯೋನಿಯ ಒಳಗಿನ ಆಮ್ಲೀಯತೆಯ ಅಳತೆ, ಅಂದರೆ ಪಿಎಚ್ (ಅಂಕಿ ಕಡಿಮೆಯಾದಷ್ಟೂ ಆಮ್ಲ ಹೆಚ್ಚು), 3.8ರಿಂದ 4.5ರಷ್ಟು ಇರುತ್ತದೆ, ಸಾಮಾನ್ಯ ಸೋಪಿನ ಬಿಲ್ಲೆಯದು 9–10. ಒಳಗೆ ಸೋಪುನೀರು ಹಾಯಿಸಿದರೆ ಅಲ್ಲಿರಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ ದುರ್ವಾಸನೆಯ ಸ್ರಾವಕ್ಕೆ ದಾರಿಯಾಗುತ್ತದೆ. ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಅದಕ್ಕೆ 'ವಿಶೇಷ ವಾಶ್' ಎಂದು ಮಾರುವ ಯಾವುದರ ಅಗತ್ಯವೂ ಇಲ್ಲ.

ಕೆರಳಿಸುವ ವಸ್ತುಗಳ ಪಟ್ಟಿ ಉದ್ದವಿದೆ: ಸುಗಂಧದ ಸೋಪು, ಟಾಲ್ಕಂ ಪೌಡರ್, ಡಿಯೋಡರೆಂಟ್, ಒದ್ದೆ ಟಿಶ್ಯೂ, ದಿನವಿಡೀ ಇಟ್ಟುಕೊಳ್ಳುವ ಪ್ಯಾಂಟಿಲೈನರ್, ಸುಗಂಧದ ಪ್ಯಾಡ್, ಸರಿಯಾಗಿ ಜಾಲಾಡದ ಬಟ್ಟೆಯಲ್ಲಿ ಉಳಿದ ಡಿಟರ್ಜೆಂಟ್, ಬಟ್ಟೆ ಮೆದು ಮಾಡುವ ದ್ರವ, ಕೂದಲು ತೆಗೆಯುವ ಕ್ರೀಮ್, ರೇಜರ್, ಕಾಂಡೋಮಿನ ಲೇಟೆಕ್ಸ್, ವೀರ್ಯನಾಶಕ ಲೇಪ, ಸೋರುವ ಮೂತ್ರ. ಇಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಉಂಟು. ಒಂದು ನೇರ ಕೆರಳಿಕೆ. ಹಚ್ಚಿದ ಕೆಲವು ನಿಮಿಷ ಅಥವಾ ಗಂಟೆಗಳಲ್ಲೇ ಉರಿಯುತ್ತದೆ, ಕಾರಣ ತಾನಾಗಿ ಗೊತ್ತಾಗುತ್ತದೆ. ಇನ್ನೊಂದು ಅಲರ್ಜಿ. ಅದು ವಸ್ತು ತಾಗಿದ ಒಂದರಿಂದ ಮೂರು ದಿನಗಳ ನಂತರ ತುರಿಕೆಯಾಗಿ ಏಳುತ್ತದೆ. ಸೋಮವಾರ ಬಳಸಿದ ಒದ್ದೆ ಟಿಶ್ಯೂಗೂ ಬುಧವಾರದ ನವೆಗೂ ಯಾರೂ ಸಂಬಂಧ ಕಲ್ಪಿಸುವುದಿಲ್ಲ. ವರ್ಷಗಳಿಂದ ಬಳಸುತ್ತಿದ್ದ ವಸ್ತುವಿಗೂ ಹೊಸದಾಗಿ ಅಲರ್ಜಿ ಬರಬಹುದು. 'ಇದನ್ನು ಯಾವಾಗಲೂ ಬಳಸುತ್ತೇನೆ, ಇದರಿಂದಲ್ಲ' ಎನ್ನುವ ವಾದ ಹಾಗಾಗಿ ನಿಲ್ಲುವುದಿಲ್ಲ. ಒದ್ದೆ ಟಿಶ್ಯೂಗಳು ಕೆಡದಂತೆ ಬೆರೆಸುವ ಮೀಥೈಲ್‌ಐಸೋಥಯಾಜೋಲಿನೋನ್, ಮುಲಾಮುಗಳಲ್ಲಿನ ನಿಯೋಮೈಸಿನ್, ನವೆ ಮರಗಟ್ಟಿಸಲು ಹಾಕುವ ಬೆಂಜೊಕೇನ್ ಅಲರ್ಜಿಗೆ ಕುಖ್ಯಾತವಾದವು. ನವೆಗೆಂದು ಹಚ್ಚಿದ ಔಷಧವೇ ನವೆಗೆ ಕಾರಣವಾಗುವುದು ಅಪರೂಪವಲ್ಲ.

ಆದ್ದರಿಂದ ಮೊದಲ ಎರಡು ವಾರ ಮಾಡಬೇಕಾದದ್ದು ಇಷ್ಟು. ಮೇಲಿನ ಪಟ್ಟಿಯಲ್ಲಿ ನಿಲ್ಲಿಸಬಹುದಾದುದನ್ನೆಲ್ಲ ಒಟ್ಟಿಗೆ ನಿಲ್ಲಿಸಬೇಕು. ಒಂದೊಂದಾಗಿ ಬಿಟ್ಟು ನೋಡಿದರೆ ಉಳಿದವು ಕೆರಳಿಸುತ್ತಲೇ ಇರುತ್ತವೆ. ದಿನಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಸಲ, ಉಗುರುಬೆಚ್ಚಗಿನ ಬರಿ ನೀರಿನಿಂದ ಬರಿಗೈಯಲ್ಲಿ ತೊಳೆಯಬೇಕು; ಸ್ಪಾಂಜು, ಉಜ್ಜುವ ಬಟ್ಟೆ ಬೇಡ. ತಲೆಗೆ ಹಾಕಿದ ಶಾಂಪೂ ಹರಿದು ತೊಡೆಸಂದಿಗೆ ಬರುತ್ತದೆ, ಸ್ನಾನದ ಕೊನೆಗೆ ಅಲ್ಲಿಗೆ ಒಮ್ಮೆ ಬರಿ ನೀರು ಹಾಕಿಕೊಳ್ಳಬೇಕು. ಮಹಿಳೆಯರು ಹೊರಭಾಗವನ್ನಷ್ಟೇ, ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಪುರುಷರು ಮುಂದೊಗಲನ್ನು ಮೆಲ್ಲಗೆ ಹಿಂದೆ ಸರಿಸಿ ತೊಳೆದು, ಒಣಗಿಸಿ, ಮರೆಯದೆ ಮತ್ತೆ ಮುಂದಕ್ಕೆ ತರಬೇಕು. ಹಿಂದೆಯೇ ಬಿಟ್ಟರೆ ಅದು ಉಂಗುರದಂತೆ ಬಿಗಿದು ಶಿಶ್ನದ ತುದಿ ಊದಿಕೊಳ್ಳುತ್ತದೆ. ಚಿಕ್ಕ ಗಂಡುಮಕ್ಕಳ ಮುಂದೊಗಲು ತಾನಾಗಿ ಸರಿಯದಿದ್ದರೆ ಅದು ಸಹಜ. ಬಲವಂತವಾಗಿ ಎಳೆದರೆ ಸೀಳು ಬಿದ್ದು ಗಾಯದ ಕಲೆ ಕಟ್ಟಿ, ಮುಂದೆ ಅದೇ ಬಿಗಿತಕ್ಕೆ ಕಾರಣವಾಗುತ್ತದೆ.

ತೊಳೆದ ಮೇಲೆ ಒತ್ತಿ ಒರೆಸಬೇಕು, ಉಜ್ಜಬಾರದು. ಮಡಿಕೆಗಳ ನಡುವೆ ತೇವ ಉಳಿದರೆ ಚರ್ಮ ನೆನೆದು ಬೆಳ್ಳಗಾಗಿ ಸುಲಿಯುತ್ತದೆ. ದಪ್ಪ ಮೈಯವರಿಗೆ, ಸಕ್ಕರೆ ಕಾಯಿಲೆಯವರಿಗೆ ಇದು ಬೇಗ. ಫ್ಯಾನಿನ ಕೆಳಗೆ ಐದು ನಿಮಿಷ ಆರಲು ಬಿಡುವುದು ಸಾಕು. ಚರ್ಮ ಒಣಗಿ ಬಿರಿದಿದ್ದರೆ ಸುಗಂಧವಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಬಹುದು. ಆದರೆ ಅದು, ಎಣ್ಣೆ, ಹಾಗೂ ಯೋನಿಗೆ ಹಾಕುವ ಕೆಲವು ಔಷಧಗಳು ಲೇಟೆಕ್ಸ್ ಕಾಂಡೋಮನ್ನು ಸಡಿಲಗೊಳಿಸಿ ಹರಿಯುವಂತೆ ಮಾಡುತ್ತವೆ ಎಂಬುದು ನೆನಪಿರಲಿ. ನವೆ ತಡೆಯಲಾಗದಾಗ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು 10–15 ನಿಮಿಷ ಇಡಬೇಕು. ಮಂಜುಗಡ್ಡೆಯನ್ನು ನೇರವಾಗಿ ಒತ್ತಬಾರದು. ಬಿಸಿನೀರು ಹೊಯ್ದರೆ ಆ ಕ್ಷಣಕ್ಕೆ ಹಿತ, ಅರ್ಧ ಗಂಟೆಯಲ್ಲಿ ದುಪ್ಪಟ್ಟು ತುರಿಕೆ. ಸಡಿಲ ಹತ್ತಿ ಒಳಉಡುಪು, ರಾತ್ರಿ ಅದೂ ಇಲ್ಲದೆ ಸಡಿಲ ಬಟ್ಟೆ, ಮೋಟಾಗಿ ಕತ್ತರಿಸಿದ ಉಗುರು, ಬೆವರಿದ ಬಟ್ಟೆ ಕೂಡಲೇ ಬದಲಿಸುವುದು. ಕೂದಲನ್ನು ಬೋಳಿಸುವ ಬದಲು ಕತ್ತರಿಯಿಂದ ಚಿಕ್ಕದು ಮಾಡಿಕೊಂಡರೆ ಬೇರಿನ ಬಾವು, ಒಳಮುಖವಾಗಿ ಬೆಳೆಯುವ ಕೂದಲು ಎರಡೂ ತಪ್ಪುತ್ತವೆ. ಟೂತ್‌ಪೇಸ್ಟ್, ಬೆಳ್ಳುಳ್ಳಿ ರಸ, ಆಂಟಿಸೆಪ್ಟಿಕ್ ಇವನ್ನು ಅಲ್ಲಿಗೆ ಹಚ್ಚಿದರೆ ಸುಟ್ಟ ಗಾಯವಾಗಬಹುದು, ಮಾತಿಗೆ ಹೇಳುವುದಲ್ಲ, ನಿಜಕ್ಕೂ ಬೊಬ್ಬೆ ಏಳಬಹುದು.

ಇಷ್ಟು ಮಾಡಿದರೆ ಬರಿ ಕೆರಳಿಕೆಯಿಂದಾದ ನವೆ ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿಯುತ್ತದೆ. ಇಳಿಯದಿದ್ದರೆ, ಅಥವಾ ಮೊದಲೇ ಬೇರೆ ರೂಪ ಕಂಡರೆ, ಕಾರಣ ಬೇರೆ. ಒಳ್ಳೆಯ ಬೆಳಕಿನಲ್ಲಿ ಕೈಗನ್ನಡಿ ಹಿಡಿದು ನೋಡಿಕೊಳ್ಳುವುದರಲ್ಲಿ ನಾಚಿಕೆ ಪಡಬೇಕಾದದ್ದೇನೂ ಇಲ್ಲ. ಅಂಚು ಉಬ್ಬಿ ಹೊಟ್ಟೆದ್ದು, ನಡುವೆ ತಿಳಿಯಾಗುತ್ತಾ ಒಳತೊಡೆಗೆ ಹರಡುವ ಸುತ್ತು ಇದ್ದರೆ ಅದು ಹುಳುಕಡ್ಡಿ, ಅಂದರೆ ಶಿಲೀಂಧ್ರ. ಗಂಡಸರಲ್ಲಿ ಇದು ಸಾಮಾನ್ಯವಾಗಿ ವೃಷಣಚೀಲವನ್ನು ಬಿಟ್ಟು ತೊಡೆಯ ಮೇಲೆ ಹೋಗುತ್ತದೆ. ಮಡಿಕೆಯ ಆಳದಲ್ಲಿ ಹಸಿ ಕೆಂಪು, ಸುತ್ತ ಚಿಕ್ಕ ಚಿಕ್ಕ ಕೆಂಪು ಅಥವಾ ಕೀವಿನ ಚುಕ್ಕೆಗಳು, ವೃಷಣಚೀಲ ಮುಂದೊಗಲುಗಳೂ ಕೆಂಪಾಗಿದ್ದರೆ ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರದ ಅನುಮಾನ. ಹೆಚ್ಚು ನವೆಯಿಲ್ಲದ ಕಂದು ಪಟ್ಟೆ ಬ್ಯಾಕ್ಟೀರಿಯಾದ ಎರಿಥ್ರಾಸ್ಮ ಇರಬಹುದು. ವೈದ್ಯರ ಬಳಿಯ ವುಡ್ಸ್ ದೀಪದ, ಅಂದರೆ ನೇರಳಾತೀತ ದೀಪದ, ಬೆಳಕಿನಲ್ಲಿ ಅದು ಹವಳದ ಬಣ್ಣಕ್ಕೆ ಹೊಳೆಯುತ್ತದೆ. ಹುಳುಕಡ್ಡಿಯೆಂದು ವರ್ಷಾನುಗಟ್ಟಲೆ ತಪ್ಪು ಔಷಧ ಹಚ್ಚಿದವರಿದ್ದಾರೆ. ಹೊಟ್ಟಿಲ್ಲದೆ ನುಣುಪಾಗಿ, ಗೆರೆ ಕೊರೆದಂತೆ ಅಂಚುಳ್ಳ ಕೆಂಪು ಪಟ್ಟೆ ಸೋರಿಯಾಸಿಸ್ ಆಗಿರಬಹುದು. ಆಗ ಮೊಣಕೈ, ನೆತ್ತಿ, ಹೊಕ್ಕುಳು, ಉಗುರುಗಳನ್ನೂ ನೋಡಬೇಕು.

ಹುಳುಕಡ್ಡಿಗೆ ಒಂದೇ ಔಷಧವಿರುವ ಶಿಲೀಂಧ್ರನಾಶಕ ಮುಲಾಮು ಸಾಕು, ಉದಾಹರಣೆಗೆ 1% ಕ್ಲೋಟ್ರಿಮಾಜೋಲ್, ದಿನಕ್ಕೆ ಎರಡು ಸಲ. ಕಾಣುವ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು, ಏಕೆಂದರೆ ಬೆಳೆಯುತ್ತಿರುವ ಶಿಲೀಂಧ್ರ ಇರುವುದು ಅಂಚಿನಲ್ಲಿ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒತ್ತಿದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಲುತ್ತದೆ, ದಪ್ಪಗೆ ಮೆತ್ತಿ ಪ್ರಯೋಜನವಿಲ್ಲ. ಒಟ್ಟು ಎರಡರಿಂದ ನಾಲ್ಕು ವಾರ, ಕಲೆ ಮಾಯವಾದ ಮೇಲೂ ಒಂದೆರಡು ವಾರ ಹಚ್ಚಬೇಕು. ಬಹಳ ಜನ ನಾಲ್ಕನೇ ದಿನ ನವೆ ನಿಂತಾಗ ಟ್ಯೂಬನ್ನು ಎತ್ತಿಡುತ್ತಾರೆ, ತಿಂಗಳೊಳಗೆ ಮತ್ತೆ ಬಂತೆಂದು 'ಇನ್ನೂ ಸ್ಟ್ರಾಂಗ್' ಕೇಳುತ್ತಾರೆ. ಇನ್ನೊಂದು ತಪ್ಪು ಪಾದ ನೋಡದಿರುವುದು. ಬೆರಳ ಸಂದಿನಲ್ಲಿ ಬಿಳಿಯಾಗಿ ಸುಲಿಯುತ್ತಿದ್ದರೆ ಅದೇ ಶಿಲೀಂಧ್ರ ಒಳಉಡುಪು ಹಾಕಿಕೊಳ್ಳುವಾಗ ಮೇಲಕ್ಕೆ ಬರುತ್ತದೆ. ಎರಡಕ್ಕೂ ಒಟ್ಟಿಗೆ ಔಷಧ ಆಗಬೇಕು, ಪಾದಕ್ಕೂ ತೊಡೆಸಂದಿಗೂ ಬೇರೆ ಬೇರೆ ಟವೆಲ್ ಇರಬೇಕು, ಒಳಉಡುಪಿಗಿಂತ ಮೊದಲು ಕಾಲುಚೀಲ ಹಾಕಿಕೊಂಡರೆ ಒಳ್ಳೆಯದು. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಅವರಿಗೂ ಚಿಕಿತ್ಸೆ ಆಗದೆ ಇದು ಬಿಡುವುದಿಲ್ಲ.

ಈಗ ನಮಗೆ ಅತಿ ಹೆಚ್ಚು ಆತಂಕ ತರುವ ವಿಷಯ: ಮೂರು ಔಷಧ ಬೆರೆತ ಮುಲಾಮುಗಳು. ಒಂದು ತೀವ್ರ ಸ್ಟೆರಾಯ್ಡ್, ಒಂದು ಶಿಲೀಂಧ್ರನಾಶಕ, ಒಂದು ಆಂಟಿಬಯೋಟಿಕ್ ಒಂದೇ ಟ್ಯೂಬಿನಲ್ಲಿರುತ್ತವೆ. ಎರಡನೇ ದಿನಕ್ಕೇ ನವೆ, ಕೆಂಪು ಎರಡೂ ಇಳಿಯುತ್ತವೆ. ಅದು ಗುಣವಾದದ್ದಲ್ಲ. ಸ್ಟೆರಾಯ್ಡ್ ಚರ್ಮದ ರಕ್ಷಣಾ ಪ್ರತಿಕ್ರಿಯೆಯನ್ನು ಅಡಗಿಸಿದೆ ಅಷ್ಟೆ. ಶಿಲೀಂಧ್ರ ಅಡ್ಡಿಯಿಲ್ಲದೆ ಹರಡುತ್ತಿರುತ್ತದೆ. ಹಚ್ಚುವುದು ನಿಲ್ಲಿಸಿದಾಗ ಮೊದಲಿಗಿಂತ ದೊಡ್ಡದಾಗಿ ಮರಳುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ಕೆಲವು ತಿಂಗಳಲ್ಲಿ ಸುತ್ತಿನ ಅಂಚು ಅಳಿಸಿಹೋಗಿ, ಅಥವಾ ಸುತ್ತಿನೊಳಗೆ ಸುತ್ತು ಹುಟ್ಟಿ, ತಜ್ಞರಿಗೂ ಗುರುತು ಸಿಗದಂತಾಗುತ್ತದೆ. ಇದಕ್ಕೆ ಟೀನಿಯಾ ಇನ್‌ಕಾಗ್ನಿಟೋ ಎಂದು 1968ರಷ್ಟು ಹಿಂದೆಯೇ ಹೆಸರಿಟ್ಟಿದ್ದಾರೆ. ಒಳತೊಡೆಯಲ್ಲಿ ಚರ್ಮ ತೆಳುವಾಗಿ ಕೆನ್ನೀಲಿ ಗೀರುಗಳು ಬೀಳುತ್ತವೆ. ಅವು ಮುಂದೆ ಬೆಳ್ಳಗಾಗಬಹುದು, ಪೂರ್ತಿ ಹೋಗುವುದಿಲ್ಲ. ಗಂಡಸರಲ್ಲಿ ವೃಷಣಚೀಲ ಸದಾ ಕೆಂಪಾಗಿ, ಬಟ್ಟೆ ತಾಗಿದರೂ ಉರಿಯುವ ಸ್ಥಿತಿ ಬರುತ್ತದೆ. ಅದು ಇಳಿಯಲು ತಿಂಗಳುಗಳೇ ಬೇಕು.

ಟ್ಯೂಬಿನ ಹಿಂದೆ ಬರೆದ ಹೆಸರುಗಳನ್ನು ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೋಮೆಥಸೋನ್, ಮೊಮೆಟಸೋನ್, ಫ್ಲೂಸಿನೊಲೋನ್: ಇವೆಲ್ಲ ಸ್ಟೆರಾಯ್ಡ್‌ಗಳು. ಕ್ಲೋಟ್ರಿಮಾಜೋಲ್, ಮೈಕೊನಜೋಲ್, ಲುಲಿಕೊನಜೋಲ್, ಟೆರ್ಬಿನಫಿನ್ ಶಿಲೀಂಧ್ರನಾಶಕಗಳು. ಎರಡೂ ಗುಂಪಿನ ಹೆಸರು ಒಂದೇ ಟ್ಯೂಬಿನ ಮೇಲಿದ್ದರೆ ವೈದ್ಯರು ನೋಡಿ ಬರೆದುಕೊಟ್ಟ ಹೊರತು ತೊಡೆಸಂದಿಗೆ ಹಚ್ಚಬೇಡಿ. ಈಗಾಗಲೇ ತಿಂಗಳುಗಳಿಂದ ಹಚ್ಚುತ್ತಿರುವವರಿಗೆ ಬಿಟ್ಟ ಕೆಲವು ದಿನಗಳಲ್ಲಿ ಉರಿ ಏರುವುದುಂಟು. ಆಗ ಮತ್ತೆ ಅದೇ ಟ್ಯೂಬಿಗೆ ಕೈ ಹಾಕದೆ ಚರ್ಮರೋಗ ತಜ್ಞರ ಬಳಿ ಹೋಗಬೇಕು, ಬಿಡಿಸುವ ಕ್ರಮ ಅವರಿಗೆ ಗೊತ್ತು.

ಹಾಗೆಂದು ಸ್ಟೆರಾಯ್ಡ್ ವಿಷವಲ್ಲ. ಅದು ಬೇಕೇ ಬೇಕಾದ ಕಾಯಿಲೆಯೂ ಇದೇ ಜಾಗದಲ್ಲಿದೆ, ಅದನ್ನೂ ಜನ ಹುಳುಕಡ್ಡಿ ಎಂದೇ ತಿಳಿದು ಕಾಲ ಕಳೆಯುತ್ತಾರೆ. ಲೈಕನ್ ಸ್ಕ್ಲಿರೋಸಸ್ ಎಂದು ಹೆಸರು. ಹೆಚ್ಚಾಗಿ ಋತುಬಂಧ ದಾಟಿದ ಮಹಿಳೆಯರಲ್ಲಿ ಮತ್ತು ಮೈನೆರೆಯದ ಹುಡುಗಿಯರಲ್ಲಿ, ಗಂಡಸರಲ್ಲೂ ಕಾಣುತ್ತದೆ. ಯೋನಿದುಟಿಗಳ ಮೇಲೆ, ಕೆಲವೊಮ್ಮೆ ಗುದದ ಸುತ್ತಲೂ ಸೇರಿ 8 ಅಂಕಿಯಂತೆ, ಬೆಳ್ಳಗಿನ, ತೆಳ್ಳಗೆ ಸುಕ್ಕುಗಟ್ಟಿದ ಚರ್ಮ. ರಾತ್ರಿ ನಿದ್ದೆಗೆಡಿಸುವ ನವೆ. ಸಣ್ಣ ಸೀಳುಗಳು, ಲೈಂಗಿಕ ಸಂಪರ್ಕದ ವೇಳೆ ನೋವು. ಚಿಕಿತ್ಸೆಯಿಲ್ಲದಿದ್ದರೆ ಒಳದುಟಿಗಳು ಕರಗಿ ಅಂಟಿಕೊಳ್ಳುತ್ತವೆ, ಯೋನಿಯ ಬಾಯಿ ಕಿರಿದಾಗುತ್ತದೆ. ಗಂಡಸರಲ್ಲಿ ಮುಂದೊಗಲು ಬೆಳ್ಳಗೆ ಬಿಗಿದು ಹಿಂದೆ ಸರಿಯದಂತಾಗುತ್ತದೆ, ಮೂತ್ರದ ರಂಧ್ರವೂ ಸಣ್ಣದಾಗಬಹುದು. ದೀರ್ಘಕಾಲ ಬಿಟ್ಟರೆ ಅಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡಾ 5ರೊಳಗೆ ಇದೆ. ಸರಿಯಾದ ಚಿಕಿತ್ಸೆ ಅದನ್ನು ಕುಗ್ಗಿಸುತ್ತದೆ. ಚಿಕಿತ್ಸೆ 0.05% ಕ್ಲೋಬೆಟಸಾಲ್ ಮುಲಾಮೇ: ಸಾಮಾನ್ಯ ಕ್ರಮದಲ್ಲಿ ದಿನಕ್ಕೊಮ್ಮೆ ಒಂದು ತಿಂಗಳು, ದಿನ ಬಿಟ್ಟು ದಿನ ಒಂದು ತಿಂಗಳು, ವಾರಕ್ಕೆರಡು ಸಲ ಒಂದು ತಿಂಗಳು. ಮೂವತ್ತು ಗ್ರಾಮಿನ ಒಂದು ಟ್ಯೂಬು ಮೂರು ತಿಂಗಳು ಬರಬೇಕು. ಅದಕ್ಕಿಂತ ಬೇಗ ಖಾಲಿಯಾದರೆ ಹೆಚ್ಚು ಹಚ್ಚುತ್ತಿದ್ದಾರೆಂದೂ, ಉಳಿದೇ ಹೋದರೆ ಭಯದಿಂದ ಕಡಿಮೆ ಹಚ್ಚುತ್ತಿದ್ದಾರೆಂದೂ ಅರ್ಥ. ಒಂದೇ ಕ್ಲೋಬೆಟಸಾಲ್ ಒಬ್ಬರಿಗೆ ಮದ್ದು, ಹುಳುಕಡ್ಡಿಯವರಿಗೆ ಹಾನಿ. ಕಾಯಿಲೆಯ ಹೆಸರು ಗೊತ್ತಾಗದೆ ಮುಲಾಮು ಬೇಡ ಎನ್ನುವುದು ಇದಕ್ಕೇ.

ಮಹಿಳೆಯರ ಬಿಳಿಸ್ರಾವದ ವಿಷಯದಲ್ಲೂ ಅಂದಾಜು ಕೆಲಸಕ್ಕೆ ಬರುವುದಿಲ್ಲ. ಒಡೆದ ಹಾಲಿನಂಥ ಗಟ್ಟಿ ಸ್ರಾವ ಮತ್ತು ತೀವ್ರ ನವೆ ಕ್ಯಾಂಡಿಡಾ. ತೆಳ್ಳನೆಯ ಬೂದು ಸ್ರಾವಕ್ಕೆ ಮೀನಿನ ವಾಸನೆ ಇದ್ದು ನವೆ ಅಷ್ಟಿಲ್ಲದಿದ್ದರೆ ಬ್ಯಾಕ್ಟೀರಿಯಲ್ ವಜೈನೋಸಿಸ್. ನೊರೆನೊರೆಯಾದ ಹಳದಿ-ಹಸಿರು ಸ್ರಾವ ಟ್ರೈಕೊಮೊನಾಸ್ ಎಂಬ ಲೈಂಗಿಕ ಸೋಂಕು, ಅದಕ್ಕೆ ಸಂಗಾತಿಗೂ ಔಷಧ ಬೇಕು. ಪುಸ್ತಕದಲ್ಲಿ ಹೀಗೆ ಸ್ಪಷ್ಟವಾಗಿದ್ದರೂ ಮೈಮೇಲೆ ಹಾಗಿರುವುದಿಲ್ಲ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮಗೆ ಕ್ಯಾಂಡಿಡಾ ಎಂದು ತಾವೇ ತೀರ್ಮಾನಿಸಿ ಔಷಧ ಕೊಂಡ 95 ಮಹಿಳೆಯರನ್ನು ಪರೀಕ್ಷಿಸಿದಾಗ ಅದು ನಿಜವಾಗಿ ಇದ್ದದ್ದು ಮೂರರಲ್ಲಿ ಒಬ್ಬರಿಗೆ. ಮೊದಲ ಸಲ ಆದವರು, ಗರ್ಭಿಣಿಯರು, ವರ್ಷದಲ್ಲಿ ಮೂರು ಸಲಕ್ಕಿಂತ ಹೆಚ್ಚು ಆದವರು ಸ್ರಾವದ ಪರೀಕ್ಷೆ ಮಾಡಿಸಲೇಬೇಕು. ಕ್ಯಾಂಡಿಡಾಕ್ಕೆ ಕೊಡುವ 150 ಮಿಲಿಗ್ರಾಂ ಫ್ಲೂಕೊನಜೋಲ್ ಮಾತ್ರೆಯನ್ನು ಗರ್ಭಿಣಿಯರು ತಾವಾಗಿ ನುಂಗಬಾರದು. ಅವರಿಗೆ ಯೋನಿಯಲ್ಲಿಡುವ ಔಷಧ ಕೊಡುತ್ತಾರೆ.

ಪದೇ ಪದೇ ಕ್ಯಾಂಡಿಡಾ ಬರುವ ಯಾರೇ ಆಗಲಿ ರಕ್ತದ ಸಕ್ಕರೆ ನೋಡಿಸಬೇಕು. ಗಂಡಸರಲ್ಲಿ ಮುಂದೊಗಲಿನ ಅಂಚು ಸುತ್ತಲೂ ಸೀಳು ಸೀಳಾಗಿ ಬಿರಿಯುವುದು ಗೊತ್ತಿಲ್ಲದೆ ಇದ್ದ ಸಕ್ಕರೆ ಕಾಯಿಲೆಯ ಮೊದಲ ಲಕ್ಷಣ ಆಗಿರಬಹುದು. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಹೆಚ್ಚು, ಏಕೆಂದರೆ ಸಕ್ಕರೆ ಬೆರೆತ ಮೂತ್ರದ ಹನಿ ಅಲ್ಲೇ ಉಳಿದು ಶಿಲೀಂಧ್ರಕ್ಕೆ ಆಹಾರವಾಗುತ್ತದೆ. ಮೂತ್ರದ ನಂತರ ನೀರಿನಿಂದ ತೊಳೆದು ಒರೆಸಿಕೊಳ್ಳುವುದರಿಂದ ಅನುಕೂಲವಿದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು.

ಋತುಬಂಧದ ನಂತರದ ಒಣಗುವಿಕೆ, ಉರಿ, ಮೂತ್ರ ಮಾಡುವಾಗಿನ ಚುರುಚುರು ಈಸ್ಟ್ರೊಜೆನ್ ಎಂಬ ಹಾರ್ಮೋನು ಕಡಿಮೆಯಾದದ್ದರಿಂದ. ಅದಕ್ಕೆ ಶಿಲೀಂಧ್ರದ ಔಷಧ ಉಪಯೋಗವಿಲ್ಲ, ಯೋನಿಗೆ ಹಾಕುವ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ವೈದ್ಯರ ಸಲಹೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಋತುಬಂಧದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಬೇರೆಯೇ ತಪಾಸಣೆಯ ವಿಷಯ.

ರಾತ್ರಿ ಹೆಚ್ಚಾಗುವ ನವೆ, ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆ, ಶಿಶ್ನ ಅಥವಾ ವೃಷಣಚೀಲದ ಮೇಲೆ ಗಟ್ಟಿ ಗಂಟು, ಮನೆಯವರಿಗೂ ನವೆ: ಇದು ಕಜ್ಜಿ, ಚರ್ಮದೊಳಗೆ ಕೊರೆಯುವ ಅತಿ ಸಣ್ಣ ಹುಳುವಿನಿಂದ ಬರುವುದು. ಐದು ಶೇಕಡಾ ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಪಾದದವರೆಗೆ, ಉಗುರಿನ ಕೆಳಗೂ ಬಿಡದೆ ಹಚ್ಚಿ 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು, ಒಂದು ವಾರದ ನಂತರ ಮತ್ತೊಮ್ಮೆ. ನವೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಬೇಕು. ತೊಳೆಯಲಾಗದ ಹೊದಿಕೆಗಳನ್ನು ಚೀಲದಲ್ಲಿ ಕಟ್ಟಿ ಒಂದು ವಾರ ಎತ್ತಿಟ್ಟರೆ ಹುಳು ಸಾಯುತ್ತದೆ. ಹುಳು ಸತ್ತ ಮೇಲೂ ನವೆ ಎರಡು ಮೂರು ವಾರ, ಗಂಟುಗಳು ಇನ್ನೂ ಹೆಚ್ಚು ಕಾಲ ಉಳಿಯುತ್ತವೆ. ಔಷಧ ಫಲಿಸಲಿಲ್ಲವೆಂದು ದಿನವೂ ಪರ್ಮೆಥ್ರಿನ್ ಹಚ್ಚಿದರೆ ಚರ್ಮ ಕೆರಳಿ ಹೊಸ ನವೆ ಹುಟ್ಟುತ್ತದೆ.

ಒಂದು ಮಾತ್ರೆ ನುಂಗಿದಾಗಲೆಲ್ಲ ಶಿಶ್ನದ ತುದಿಯಲ್ಲಿ ಅಥವಾ ಯೋನಿದುಟಿಯಲ್ಲಿ ಅದೇ ಜಾಗದಲ್ಲಿ ದುಂಡನೆಯ ಕೆಂಪು ಕಲೆ ಎದ್ದು, ಬೊಬ್ಬೆಯಾಗಿ, ಕಪ್ಪು ಗುರುತು ಬಿಟ್ಟು ಹೋಗುತ್ತಿದ್ದರೆ ಅದು ಔಷಧದ ಅಲರ್ಜಿ. ನೋವಿನ ಮಾತ್ರೆಗಳು, ಕೊಟ್ರೈಮಾಕ್ಸಜೋಲ್, ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯೋಟಿಕ್‌ಗಳು, ಕೆಲವೊಮ್ಮೆ ಫ್ಲೂಕೊನಜೋಲ್ ಸಹ ಇದಕ್ಕೆ ಕಾರಣ. ಲೈಂಗಿಕ ರೋಗವೆಂದು ಭಯಪಟ್ಟು ದಾಂಪತ್ಯದಲ್ಲಿ ಅನುಮಾನ ಹುಟ್ಟಿಸಿಕೊಳ್ಳುವ ಮೊದಲು ಹಿಂದಿನ ದಿನ ಯಾವ ಮಾತ್ರೆ ನುಂಗಿದೆವೆಂದು ನೆನಪಿಸಿಕೊಳ್ಳಬೇಕು.

ಶಿಶ್ನದ ತುದಿಯ ಬುಡದಲ್ಲಿ ಸಾಲಾಗಿರುವ ಒಂದೇ ಗಾತ್ರದ ಮುತ್ತಿನಂಥ ಗುಳ್ಳೆಗಳು, ಚರ್ಮದೊಳಗಿನ ಹಳದಿ-ಬಿಳಿ ಚುಕ್ಕೆಗಳು, ಯೋನಿದುಟಿಯ ಒಳಬದಿಯ ಮೆತ್ತನೆಯ ಸಣ್ಣ ಉಬ್ಬುಗಳು ರೋಗವಲ್ಲ. ನರಹುಲಿಯೆಂದು ತಿಳಿದು ಅವನ್ನು ಆಸಿಡ್ ಹಾಕಿ ಸುಟ್ಟುಕೊಂಡರೆ ಉಳಿಯುವುದು ಗಾಯವೇ.

ಹುಣ್ಣು ಮಾತ್ರ ಎಂದೂ ಕಾಯಬಾರದ ವಿಷಯ. ಗುಂಪಾಗಿ ಎದ್ದು ಒಡೆದು ನೋಯುವ ನೀರ್ಗುಳ್ಳೆಗಳು ಹರ್ಪಿಸ್ ಆಗಿರಬಹುದು. ಔಷಧವನ್ನು ಮೊದಲ ಮೂರು ದಿನದೊಳಗೆ ಶುರು ಮಾಡಿದರೆ ಹೆಚ್ಚು ಫಲ. ನೋವಿಲ್ಲದ, ಬುಡ ಗಟ್ಟಿಯಾದ ಒಂಟಿ ಹುಣ್ಣು ಸಿಫಿಲಿಸ್ ಆಗಿರಬಹುದು. ಸಂಪರ್ಕವಾದ 10ರಿಂದ 90 ದಿನಗಳ ನಡುವೆ ಬರುತ್ತದೆ, ಔಷಧವಿಲ್ಲದೆಯೂ ಮೂರರಿಂದ ಆರು ವಾರಗಳಲ್ಲಿ ಮಾಯುತ್ತದೆ. ಮಾಯಿತೆಂದು ಸಮಾಧಾನಪಟ್ಟವರ ರಕ್ತದಲ್ಲಿ ರೋಗ ಮುಂದುವರಿದು ವರ್ಷಗಳ ನಂತರ ಹೃದಯ, ಮಿದುಳಿಗೆ ಹೋಗಬಲ್ಲದು, ಗರ್ಭಿಣಿಯಿಂದ ಮಗುವಿಗೂ. ಹುಣ್ಣಿನ ಜೊತೆ ಸಿಫಿಲಿಸ್, ಎಚ್‌ಐವಿ ಎರಡರ ಪರೀಕ್ಷೆಯೂ ಆಗಬೇಕು. ತೀರಾ ಆರಂಭದಲ್ಲಿ ನೆಗೆಟಿವ್ ಬಂದರೆ ವೈದ್ಯರು ಹೇಳಿದ ದಿನಕ್ಕೆ ಮತ್ತೆ ಮಾಡಿಸಬೇಕು. ಸಂಗಾತಿಯನ್ನೂ ಕರೆತರಬೇಕು.

ಮಕ್ಕಳಲ್ಲಿ ಡಯಾಪರ್ ಕೆರಳಿಕೆಗೆ ಬೇಗ ಬೇಗ ಬದಲಿಸುವುದು, ದಿನಕ್ಕೆ ಸ್ವಲ್ಪ ಹೊತ್ತು ಗಾಳಿಗೆ ಬಿಡುವುದು, ಜಿಂಕ್ ಆಕ್ಸೈಡ್ ಲೇಪ ಸಾಕು. ಮೂರು ದಿನದಲ್ಲಿ ಇಳಿಯದೆ ಮಡಿಕೆಯೊಳಗೂ ಕೆಂಪಾಗಿದ್ದರೆ ಕ್ಯಾಂಡಿಡಾ ಸೇರಿದೆ. ರಾತ್ರಿ ಗುದದ ಸುತ್ತ ಕೆರೆದುಕೊಳ್ಳುವ ಮಗುವಿಗೆ ದಾರದ ಹುಳುವಿರಬಹುದು. ಹುಡುಗಿಗೆ ರಕ್ತ ಬೆರೆತ ದುರ್ವಾಸನೆಯ ಸ್ರಾವವಿದ್ದರೆ ಒಳಗೆ ಏನಾದರೂ ಸಿಕ್ಕಿಕೊಂಡಿರಬಹುದು. ಕಾರಣ ಹೇಳಲಾಗದ ಗಾಯ, ಹುಣ್ಣು, ನರಹುಲಿ ಮಗುವಿನಲ್ಲಿ ಕಂಡರೆ ಮಗುವನ್ನು ಗದರಿಸದೆ ಅಂದೇ ವೈದ್ಯರಿಗೆ ತೋರಿಸಬೇಕು, ಯಾರಾದರೂ ನೋಯಿಸಿದ್ದಾರೆಯೇ ಎಂಬ ಪ್ರಶ್ನೆಯಿಂದ ಹಿಂಜರಿಯಬಾರದು.

ಯಾವಾಗ ಕಾಯಬಹುದು, ಯಾವಾಗ ಕಾಯಬಾರದು ಎಂಬುದನ್ನು ನೇರವಾಗಿ ಹೇಳುತ್ತೇವೆ. ಗಂಟೆಗಳಲ್ಲಿ ಹರಡುವ ಊತ, ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಿನ ತಡೆಯಲಾಗದ ನೋವು, ಜ್ವರ, ಚರ್ಮ ಕಪ್ಪಾಗುವುದು, ಒತ್ತಿದರೆ ಚರಚರ ಎನ್ನುವುದು ಕಂಡರೆ ಆ ರಾತ್ರಿಯೇ ಆಸ್ಪತ್ರೆಗೆ. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವ, ಚರ್ಮದಡಿ ಕೊಳೆಯುತ್ತಾ ಹರಡುವ ಸೋಂಕಾದ ಫೋರ್ನಿಯರ್ ಗ್ಯಾಂಗ್ರಿನ್‌ನಲ್ಲಿ ಪ್ರತಿ ಗಂಟೆಯೂ ಜೀವದ ಪ್ರಶ್ನೆ. ಹಿಂದೆ ಸರಿದ ಮುಂದೊಗಲು ಮುಂದೆ ಬಾರದಿದ್ದರೆ, ಮೂತ್ರ ಕಟ್ಟಿದರೆ, ಹೊಸ ಮಾತ್ರೆ ನುಂಗಿದ ಮೇಲೆ ಜನನಾಂಗ, ಬಾಯಿ, ಕಣ್ಣು ಮೂರರಲ್ಲೂ ಹುಣ್ಣಾದರೆ, ಕಾಂಡೋಮ್ ಬಳಸಿದ ಮೇಲೆ ತುಟಿ ಊದಿ ಉಸಿರು ಕಟ್ಟಿದರೆ ಸಹ ತುರ್ತು. ಒಂದೆರಡು ದಿನದಲ್ಲಿ ತೋರಿಸಬೇಕಾದವು ಹುಣ್ಣು, ನೀರ್ಗುಳ್ಳೆ, ಕೀವು, ಕೆಳಹೊಟ್ಟೆ ನೋವಿನ ಜೊತೆಗಿನ ಸ್ರಾವ, ಗರ್ಭಿಣಿಯ ಯಾವುದೇ ಹೊಸ ಲಕ್ಷಣ. ಎರಡು ವಾರದ ಆರೈಕೆಗೆ ಇಳಿಯದ ನವೆ, ಮರುಕಳಿಸುವ ಹುಳುಕಡ್ಡಿ, ಚರ್ಮ ಬೆಳ್ಳಗಾಗುವುದು ಅಥವಾ ದಪ್ಪವಾಗುವುದು ತಜ್ಞರಿಗೆ. ನಾಲ್ಕು ವಾರದಲ್ಲಿ ಮಾಯದ ಹುಣ್ಣು, ಗಂಟು, ಕೆಂಪು ಅಥವಾ ಕಪ್ಪು ಮಚ್ಚೆ, ಮುಟ್ಟಿದರೆ ರಕ್ತ ಬರುವ ಜಾಗ ಯಾವುದೇ ಇರಲಿ, ಅದಕ್ಕೆ ಬಯಾಪ್ಸಿಯ ಮಾತು ಬರಬೇಕು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕೆಲವು ಮಿಲಿಮೀಟರ್ ಚರ್ಮ ತೆಗೆಯುತ್ತಾರೆ, ಅಷ್ಟೆ. ಆರಂಭದಲ್ಲಿ ಸಿಕ್ಕ ಕ್ಯಾನ್ಸರ್‌ಗೂ ವರ್ಷ ತಡೆದು ಸಿಕ್ಕಿದ್ದಕ್ಕೂ ಇರುವ ಅಂತರ ಬಹಳ ದೊಡ್ಡದು.

ತಪಾಸಣೆಗೆ ಹೋಗುವ ದಿನ ಮುಲಾಮು, ಪೌಡರ್ ಏನನ್ನೂ ಹಚ್ಚಬೇಡಿ, ಕೂದಲು ಬೋಳಿಸಬೇಡಿ. ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದದ್ದೂ ಸೇರಿ, ಚೀಲದಲ್ಲಿ ಹಾಕಿಕೊಂಡು ಹೋಗಿ. ನುಂಗುತ್ತಿರುವ ಮಾತ್ರೆಗಳ ಪಟ್ಟಿ ಇರಲಿ. ಬಂದು ಹೋಗುವ ಕಲೆಯಾದರೆ ಇದ್ದಾಗ ತೆಗೆದ ಫೋಟೊ ಉಪಯೋಗಕ್ಕೆ ಬರುತ್ತದೆ. ವೈದ್ಯರು ಅಂಚಿನಿಂದ ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರವೋ ಅಲ್ಲವೋ ಅಲ್ಲೇ ತಿಳಿಯಬಹುದು. ಅಲರ್ಜಿಯ ಅನುಮಾನಕ್ಕೆ ಬೆನ್ನಿಗೆ ಅನುಮಾನದ ವಸ್ತುಗಳಿರುವ ಪ್ಯಾಚ್ ಅಂಟಿಸಿ 48 ಗಂಟೆಗೆ ತೆಗೆದು ನೋಡಿ, 96 ಗಂಟೆಗೆ ಮತ್ತೊಮ್ಮೆ ನೋಡುತ್ತಾರೆ. ಲೈಂಗಿಕ ಸಂಪರ್ಕದ ಬಗ್ಗೆ ಕೇಳುವುದು ಗುಣದೋಷ ಎಣಿಸಲಿಕ್ಕಲ್ಲ, ಯಾವ ಪರೀಕ್ಷೆ ಬೇಕೆಂದು ತಿಳಿಯಲಿಕ್ಕೆ. ಮಹಿಳಾ ವೈದ್ಯರು ಬೇಕೆಂದು, ತಪಾಸಣೆಯ ಹೊತ್ತು ಜೊತೆಯವರು ಅಥವಾ ದಾದಿ ಇರಲೆಂದು ಕೇಳುವುದು ರೋಗಿಯ ಹಕ್ಕು. ಬಟ್ಟೆ ಸರಿಸಿ ನೋಡದೆ, ಬಾಯಿಮಾತಿನಲ್ಲೇ ಮುಲಾಮು ಬರೆದರೆ, 'ಒಮ್ಮೆ ನೋಡಿ ಹೇಳಿ' ಎಂದು ಕೇಳಿ.

ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟು: ಆರೋಗ್ಯ ಪುಟದಲ್ಲಿ ಈ ಚರ್ಮಕ್ಕೂ ಜಾಗ ಕೊಡಿ, ಅಂಗಗಳ ಹೆಸರನ್ನು 'ಆ ಭಾಗ' ಎಂದು ಮರೆಸದೆ ಮುದ್ರಿಸಿ. ಓದುಗರ ಪ್ರಶ್ನೋತ್ತರದಲ್ಲಿ ತುರಿಕೆಯ ಪ್ರಶ್ನೆ ಬಂದಾಗ ನೋಡದೆಯೇ ಸ್ಟೆರಾಯ್ಡ್ ಬೆರೆತ ಮುಲಾಮಿನ ಹೆಸರು ಸೂಚಿಸುವ ಉತ್ತರವನ್ನು ಪ್ರಕಟಿಸಬೇಡಿ.

ಇಂತಿ,
ಚರ್ಮರೋಗ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು